ಕೇಳಿಸಿಕೊಳ್ಳದೆ ಉಳಿದ ಮೂರು ಉತ್ತರಗಳು

ಹಾಳೆಬಯಲು, ಯಾದಗಿರಿ ಸೀಮೆ
ಇಸವಿ 2187, ಕಾರ್ತಿಕದ ಎರಡನೆಯ ಸೋಮವಾರ

ಹಿರಿಯರಾದ ದೇವಕೆಮ್ಮನವರಿಗೆ, ನಿಮ್ಮ ಏಳನೆಯ ತಲೆಮಾರಿನ ಸೂಗಮ್ಮ ಮಾಡುವ ನಮಸ್ಕಾರ.

ಮೇಲಿನ ಇಸವಿಯನ್ನು ಯಾರೋ ಕೈತಪ್ಪಿ ಬರೆದಿದ್ದಾರೆ ಎಂದುಕೊಳ್ಳಬೇಡಿ. ಹಿಂದಿನ ಕಾಲಕ್ಕೆ ಅಂಚೆ ಹೋಗುವುದಿಲ್ಲವೆಂದು ನನಗೂ ಗೊತ್ತು. ನಿಮಗೆ ತಿಳಿಯದ ಪದಗಳು ನುಸುಳಿದರೆ ಕ್ಷಮಿಸಿ, ಬಂದಲ್ಲೇ ಬಿಡಿಸಿ ಹೇಳುತ್ತೇನೆ. ನೀವು ಆಶಾ ಕಾರ್ಯಕರ್ತೆಯಾಗಿದ್ದಿರಿ, ಲಸಿಕೆಯ ಹಿಂದಿನ ದಿನ ಒಬ್ಬೊಬ್ಬ ತಾಯಿಗೂ ಫೋನ್ ಮಾಡಿ ಕರೆಯುತ್ತಿದ್ದಿರಿ ಎಂದು ನಮ್ಮ ಮನೆಯಲ್ಲಿ ಇಂದಿಗೂ ಹೇಳುತ್ತಾರೆ. ಅದೇ ಕೆಲಸ ನನ್ನ ಪಾಲಿಗೂ ಬಂತು. ಅದನ್ನು ನಾನು ಹೇಗೆ ಮಾಡಿದೆ ಎಂದು ನಿಮಗೆ ಹೇಳಲೇಬೇಕಾಗಿದೆ.

ನಮ್ಮದು ತಿರುಗೂರು. ಅಂದರೆ ಬಿಸಿಲಿನಿಂದ ಕರೆಂಟು ತೆಗೆಯುವ ಹಾಳೆಗಳನ್ನು ಒರೆಸುತ್ತ, ಗಾಲಿಮನೆಗಳಲ್ಲಿ ಬಯಲಿನ ಈ ತುದಿಯಿಂದ ಆ ತುದಿಗೆ ಸಾಗುವ ಇನ್ನೂರು ಮನೆಗಳ ಊರು. ಮಳೆಗಾಲದಲ್ಲಿ ಭೀಮಾ ನದಿಯ ಕಡೆಗಿದ್ದರೆ ಬೇಸಿಗೆಗೆ ಸುರಪುರದ ಗುಡ್ಡಗಳ ಹತ್ತಿರ ಇರುತ್ತೇವೆ. ಜನ ಬೆಳಿಗ್ಗೆಯೇ ಹಾಳೆ ಒರೆಸಿ, ಬಿಸಿಲೇರುವಷ್ಟರಲ್ಲಿ ಮರಳಿ ಬಂದು ರೊಟ್ಟಿ ತಟ್ಟುತ್ತಾರೆ. ಜೋಳದ ರೊಟ್ಟಿ ಮಾತ್ರ ನಿಮ್ಮ ಕಾಲದ್ದೇ. ಫೋನನ್ನು ಈಗ ಯಾರೂ ಕೈಯಲ್ಲಿ ಹಿಡಿಯುವುದಿಲ್ಲ. ಕಿವಿಯ ಹಿಂದೆ ಅಂಟಿಸಿಕೊಳ್ಳುವ, ಅಂಗಿಯ ಗುಂಡಿಯಷ್ಟು ದೊಡ್ಡ ಸಾಧನವದು; ಕಿವಿಯೋಲೆ ಎನ್ನುತ್ತೇವೆ. ಕೂಸಿನ ಚುಚ್ಚುಮದ್ದಿನ ದಿನ ಹತ್ತಿರವಾದಾಗ ತಾಯಿಯ ಕಿವಿಯೋಲೆಯಲ್ಲಿ ನನ್ನ ಧ್ವನಿ ಮೂರು ಸಲ ಕೇಳುತ್ತದೆ. ಪ್ರತಿ ಸಲ ನಾನು ಮಾತಾಡುವುದಿಲ್ಲ, ಒಮ್ಮೆ ತುಂಬಿಟ್ಟ ಧ್ವನಿ ತಾನಾಗಿ ಹೋಗುತ್ತದೆ. ಕೇಳಿದವರು ಉತ್ತರ ಹೇಳಿದರೆ ಅದೂ ನನ್ನ ಬಳಿ ಬಂದು ಉಳಿಯುತ್ತದೆ. ಉತ್ತರಗಳನ್ನು ನಾನು ತೆರೆಯುತ್ತಲೇ ಇರಲಿಲ್ಲ. ಹೆಸರಿನ ಮುಂದೆ ಹಸಿರು ಗುರುತು ಬಿದ್ದರೆ ಕೇಳಿಸಿದೆ ಎಂದರ್ಥ; ನನಗೆ ಅಷ್ಟು ಸಾಕಾಗಿತ್ತು.

ಬಸ್ಸಮ್ಮ ಎಂಬಾಕೆಯ ಒಂಬತ್ತು ತಿಂಗಳ ಮಗಳು ಮಾಳವಿ ದಡಾರದ ಚುಚ್ಚುಮದ್ದಿಗೆ ಬರಲಿಲ್ಲ. ಮೂರೂ ಗುರುತು ಹಸಿರಾಗಿದ್ದವು. ತಿಂಗಳ ಊರಸಭೆಯಲ್ಲಿ ಬಾರದವರ ಹೆಸರು ಓದುವಾಗ ಆಕೆಯದನ್ನು ಓದಿ, ‘ತಾಯಿಯ ಅಸಡ್ಡೆ’ ಎಂದು ಸೇರಿಸಿದೆ. ಹಾಗೆ ಸೇರಿಸಲು ನನಗೆ ಯಾರೂ ಹೇಳಿರಲಿಲ್ಲ.

ಬಸ್ಸಮ್ಮ ಎದ್ದು ನಿಂತಳು. “ನನಗ ಯಾರೂ ಹೇಳಿಲ್ರಿ ಅಕ್ಕೋರೆ.”

“ಮೂರು ಸಲ ಹೇಳೀನಿ. ಕೇಳಿಸ್ಯದ ಅಂತ ಇಲ್ಲೇ ತೋರಸ್ಲಾಕತ್ತದ,” ಎಂದೆ.

ಹಿಂದೆ ಕೂತವರು ಯಾರೋ ನಕ್ಕರು. ನಾನೂ ನಕ್ಕೆ. ಆಕೆ ಕೂಸನ್ನು ಸೊಂಟಕ್ಕೆತ್ತಿಕೊಂಡು ಹೊರಟುಹೋದಳು. ಮುಂದಿನ ಲಸಿಕೆಯ ದಿನವೂ ಬರಲಿಲ್ಲ, ಅದರ ಮುಂದಿನ ತಿಂಗಳೂ ಬರಲಿಲ್ಲ. ಅದನ್ನು ನಾನು ಸೊಕ್ಕು ಎಂದುಕೊಂಡೆ. ಅಷ್ಟು ಜನರ ಮುಂದೆ ತಲೆ ತಗ್ಗಿಸಿದವಳು ನನ್ನ ಮುಖ ನೋಡಲು ಹೇಗೆ ಬಂದಾಳು ಎಂದು ಹೊಳೆಯಲೇ ಇಲ್ಲ.

ಎರಡು ತಿಂಗಳಿಗೆ ಊರಿಗೆ ದಡಾರ ಬಂತು. ಮಾಳವಿ ಹನ್ನೆರಡು ದಿನ ಜ್ವರದಲ್ಲಿ ಬೆಂದು ಬದುಕಿದಳು. ನಾನು ನೋಡಲು ಹೋದಾಗ ಬಸ್ಸಮ್ಮ ಸ್ಟೀಲಿನ ತಟ್ಟೆ ತಂದು ಮಗಳ ಬೆನ್ನ ಹಿಂದೆ ನೆಲಕ್ಕೆ ಬಿಟ್ಟಳು. ನಾನು ಬೆಚ್ಚಿಬಿದ್ದೆ. ಕೂಸು ತಿರುಗಿಯೂ ನೋಡದೆ ತನ್ನ ಪಾಡಿಗೆ ಕಾಲ್ಬೆರಳು ಹಿಡಿದುಕೊಂಡು ಆಡುತ್ತಿತ್ತು. ದಡಾರ ಅದರ ಕಿವಿಯನ್ನು ಒಯ್ದಿತ್ತು.

ಆಗ ಕಂಡಿತು, ಬಸ್ಸಮ್ಮನ ಕಿವಿಯ ಹಿಂದಿನ ಓಲೆ ಹೊಸದು. ಯಾವಾಗ ಬದಲಾಯಿಸಿದೆ ಎಂದು ಕೇಳಿದೆ.

“ಬಾಣಂತನದಾಗ ಹಳೇದು ಕೆಟ್ಟಿತ್ರಿ. ಹೊಸಾ ನಂಬರ್ ನಿಮ್ಮ ಕೈಯಾಗೇ ಕೊಟ್ಟಿದ್ನಲ್ಲ.”

ಕೊಟ್ಟಿದ್ದಳು. ಚೀಟಿ ನನ್ನ ಮೇಜಿನ ಡಬ್ಬಿಯಲ್ಲೇ ಉಳಿದಿತ್ತು, ಪಟ್ಟಿಗೆ ಏರಿಸಿರಲಿಲ್ಲ. ವಿಚಾರಿಸಿದರೆ, ಆಕೆಯ ಹಳೆಯ ನಂಬರು ಬಯಲಿನ ಆಚೆ ತುದಿಯ ಸಿದ್ಲಿಂಗಪ್ಪ ಎಂಬ ಮುದುಕರಿಗೆ ಹೋಗಿತ್ತು. ನನ್ನ ಆರೋಗ್ಯ ಕೇಂದ್ರಕ್ಕೆ ಬಂದು ಬಾಗಿಲು ಹಾಕಿಕೊಂಡು ಅವರ ಉತ್ತರಗಳನ್ನು ಮೊದಲ ಸಲ ತೆರೆದೆ.

“ನಮ್ಮ ಮನ್ಯಾಗ ಕೂಸಿಲ್ಲವ್ವ. ನಂಬರ್ ತಪ್ಪಾಗ್ಯದ ನೋಡು.”

ಎರಡನೆಯದು: “ಮತ್ತ ನನಗೇ ಬಂತು. ಯಾರ ಕೂಸೋ ಏನೋ, ಅವರಿಗೆ ತಿಳಸವ್ವ.”

ಮೂರನೆಯದರಲ್ಲಿ ಅವರ ಧ್ವನಿ ಬೇಡಿಕೊಳ್ಳುವಂತಿತ್ತು. “ಯವ್ವಾ, ನಾಳಿಗೇ ಅಂತೀ. ಆ ತಾಯಿನ್ನ ಹುಡುಕು.”

ಮುಂದಿನ ಊರಸಭೆಯಲ್ಲಿ ಆ ಮೂರನ್ನೂ ಎಲ್ಲರಿಗೂ ಕೇಳಿಸಿದೆ. ತಪ್ಪು ನನ್ನದು, ಬಸ್ಸಮ್ಮನದಲ್ಲ ಎಂದೆ. ಈ ಸಲ ಯಾರೂ ನಗಲಿಲ್ಲ. ಬಸ್ಸಮ್ಮ ಕೂತಲ್ಲಿಂದಲೇ, “ನನ್ನ ಹೆಸರು ಓದಿದಂಗ ನಿಮ್ಮದೂ ಓದ್ರಿ,” ಎಂದಳು. ನಿಂತು ಓದಿದೆ: ಸೂಗಮ್ಮ, ಅಸಡ್ಡೆ. ನನ್ನ ಹೆಸರು ನನ್ನ ಬಾಯಲ್ಲಿ ಅಷ್ಟು ಭಾರವಾಗಿದ್ದು ಅದೇ ಮೊದಲು. ಆಕೆ ಕ್ಷಮಿಸಲಿಲ್ಲ, ನಾನು ಕೇಳಲೂ ಇಲ್ಲ.

ಈಗ ಮಾಳವಿಗೆ ನಾಲ್ಕು ವರ್ಷ. ಕೈಸನ್ನೆಯಲ್ಲೇ ಜಗಳವಾಡುವಷ್ಟು ಗಟ್ಟಿಗಿತ್ತಿ. ಆಕೆಗೆ ತಂಗಿ ಹುಟ್ಟಿದ್ದಾಳೆ. ಆ ಕೂಸಿನ ಪ್ರತಿ ಚುಚ್ಚುಮದ್ದಿಗೂ ಮೊದಲು ನಾನೇ ಹೋಗಿ ದಿನ ಹೇಳುತ್ತೇನೆ. ಬಸ್ಸಮ್ಮ ಬಾಗಿಲಲ್ಲೇ ನಿಂತು, “ಕೇಳೀನಿ, ಹೋಗ್ರಿ,” ಎನ್ನುತ್ತಾಳೆ. ಹೇಳಿದ ದಿನ ತಪ್ಪದೆ ಬರುತ್ತಾಳೆ.

ದೇವಕೆಮ್ಮನವರೇ, ಜ್ಞಾಪಿಸುವ ಕರೆಗಳನ್ನು ನಾನು ದೂರುತ್ತಿಲ್ಲ. ಅವುಗಳಿಂದಲೇ ಬಂದ ಕೂಸುಗಳು ನೂರಾರು. ಒಂದೇ ಕೋರಿಕೆ. ಬಾರದ ಕೂಸಿನ ಹೆಸರಿನ ಮುಂದೆ ಕಾರಣ ಬರೆಯುವ ಮೊದಲು ಆ ಮನೆಯ ಬಾಗಿಲಿಗೆ ಹೋಗಿ ಬನ್ನಿ. ಬಸ್ಸಮ್ಮನ ಗಾಲಿಮನೆ ನನ್ನ ಕೇಂದ್ರದಿಂದ ನೂರು ಹೆಜ್ಜೆ ದೂರದಲ್ಲಿತ್ತು.

ಇಂತಿ,
ತಲೆ ತಗ್ಗಿಸಿರುವ
ಸೂಗಮ್ಮ