ನಾಲ್ಕು ದಿನ ನೆನೆಸದ ಮಣ್ಣು

ಎರಡು ಸಾವಿರದ ನೂರ ತೊಂಬತ್ತೊಂದು,
ಮೂರನೆಯ ಮಳೆಗಾಲದ ಅರವತ್ತನೆಯ ದಿನ,
ಕಾರೆಹಾಳ

ಎಂಜಿನಿಯರ್ ರೇವಣಸಿದ್ಧಪ್ಪ ಯಲಗೋಡ ಅವರಿಗೆ,

ನಿಮ್ಮ ಕಾಲದ ಕನ್ನಡವನ್ನು ನಾನು ಹಳೆಯ ಕಡತಗಳಿಂದ ಕಲಿತದ್ದು; ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ಕ್ಷಮೆ ಕೇಳುವುದು ಇಷ್ಟಕ್ಕೆ ಮಾತ್ರ. ನಾನು ನೀಲಾಂಬಿಕಾ, ಈ ಊರಿನ ತೇವಗಾರ್ತಿ. ಅಂದರೆ ದಿನಾ ಬೆಳಿಗ್ಗೆ ರಸ್ತೆಯ ಅಂಚಿಗೆ ಉದ್ದನೆಯ ಸರಳು ಇಳಿಸಿ, ಅಡಿಯ ಮಣ್ಣು ಎಷ್ಟು ನೀರು ಕುಡಿದಿದೆ ಎಂದು ನೋಡಿ, ಗಾಡಿ ಬಿಡಬೇಕೋ ಬೇಡವೋ ಹೇಳುವವಳು. ನಮಗೆ ವರ್ಷಕ್ಕೆ ಮೂರು ಮಳೆಗಾಲ. ಹಪ್ಪಳವನ್ನು ಒಲೆಯ ಮೇಲೆ ಒಣಗಿಸುತ್ತೇವೆ, ಸರಳು ಒಣಗಿ ಬಂದ ದಿನವೇ ಮದುವೆ ಇಟ್ಟುಕೊಳ್ಳುತ್ತೇವೆ. ಮಣ್ಣು ಪರೀಕ್ಷಿಸಿ ಸಹಿ ಹಾಕಿದವರ ಹೆಸರನ್ನೇ ರಸ್ತೆಗೆ ಇಡುವುದು ನಮ್ಮ ಪದ್ಧತಿ. ನಿಮ್ಮ ಹೆಸರಿನ ರಸ್ತೆಗೆ ಈಗ ಮುದುಕಿಯರು ಉಗಿದೇ ಮುಂದೆ ಹೋಗುತ್ತಾರೆ.

ಇಲ್ಲಿಯದು ಎರೆ ಮಣ್ಣು. ಒಣಗಿದಾಗ ಗುದ್ದಲಿಗೂ ಜಗ್ಗದು, ನೆನೆದರೆ ಅಂಬಲಿ. ಅದಕ್ಕೇ ಕಬ್ಬಿಣದ ಅಚ್ಚಿನಲ್ಲಿ ಮಣ್ಣು ತುಂಬಿ, ನಾಲ್ಕು ದಿನ ನೀರಿನಲ್ಲಿ ಮುಳುಗಿಸಿಟ್ಟು, ಆಮೇಲೆ ಒತ್ತಿ ನೋಡಬೇಕೆಂಬ ನಿಯಮ ನಿಮ್ಮ ಕಾಲದಲ್ಲೇ ಇತ್ತು. ನೀವು ನೆನೆಸಲಿಲ್ಲ. “ಈ ಬ್ಯಾಸಗ್ಯಾಗ ನೀರ ಎಲ್ಲಿಂದ ಬರ್ತೈತಿ? ಹಂಗ ಒತ್ತಿ ಬರೀರಿ” ಅಂದಿರಿ. ನಿಮ್ಮ ಸಹಾಯಕಿ, ಪುಣ್ಯಾತ್ಗಿತ್ತಿ, ಆ ಮಾತನ್ನು ಕಡತದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿಟ್ಟಿದ್ದಾಳೆ. ಮಣ್ಣಿನ ಬಲದ ಅಂಕಿ ಎರಡು ಬರಬೇಕಾದಲ್ಲಿ ಒಂಬತ್ತು ಬಂತು. ಆ ಒಂಬತ್ತನ್ನು ನಂಬಿ ಐದು ತಲೆಮಾರು ಅದರ ಮೇಲೇ ಡಾಂಬರು ಹಾಕುತ್ತ ಹೋಯಿತು.

ನಾನೂ ನಂಬಿದೆ. ಹೋದ ತಿಂಗಳು ಸರಳು ಒದ್ದೆಯಾಗಿ ಬಂತು. ಕಡತದಲ್ಲಿ ಒಂಬತ್ತು ಇದೆಯಲ್ಲ, ತಡೆದೀತು ಎಂದು ನನ್ನ ತಂಗಿ ಸುಗಂಧಿಯ ಹಾಲಿನ ಗಾಡಿಯನ್ನು ಬಿಟ್ಟೆ. “ಅಕ್ಕಾ, ಸಂಜೀಕ ಗಿಣ್ಣ ಮಾಡಿಡು” ಅಂತ ಹೋದಳು. ರಸ್ತೆಯ ಮಗ್ಗುಲು ಕುಸಿದು ಗಾಡಿ ಹಳ್ಳಕ್ಕೆ ಉರುಳಿತು. ಎಳೆದು ತೆಗೆದಾಗ ಅವಳ ಬಾಯೊಳಗೂ ನಿಮ್ಮ ಆ ಮಣ್ಣೇ ಇತ್ತು. ನನ್ನನ್ನು ನಾನು ಬೈದುಕೊಂಡು ಮುಗಿಸಿದ್ದೇನೆ. ಈಗ ನಿಮ್ಮ ಸರದಿ.

ಹಿಂದಿನ ಕಾಲಕ್ಕೆ ಕಾಗದ ಮುಟ್ಟಿಸುವ ಮರುಟಪಾಲು ಇಲ್ಲಿ ಮೊನ್ನೆ ಶುರುವಾಗಿದೆ. ನೀವು ಸಹಿ ಹಾಕುವ ಐದು ದಿನ ಮೊದಲೇ ಇದು ನಿಮ್ಮ ಕೈಸೇರುತ್ತದೆ. ಅಚ್ಚನ್ನು ನೀರಿಗಿಳಿಸಿ. ಇಳಿಸಿದರೆ ಸುಗಂಧಿ ಮನೆಗೆ ಬರುತ್ತಾಳೆ, ನೀವು ನನಗೆ ಬರೀ ಒಂದು ರಸ್ತೆಯ ಹೆಸರಾಗಿರುತ್ತೀರಿ. ಇಳಿಸದಿದ್ದರೆ ಇದೇ ಪತ್ರ ನಿಮ್ಮ ಮಗಳಿಗೆ ಅವಳ ಮದುವೆಯ ಬೆಳಿಗ್ಗೆ ಮುಟ್ಟುತ್ತದೆ, ಮೊಮ್ಮಗನಿಗೆ ಅವನ ಮೊದಲ ಕೆಲಸದ ದಿನ, ಅವನ ಮಕ್ಕಳಿಗೆ ಅವರು ಓದಲು ಕಲಿತ ದಿನ. ನಿಮ್ಮ ವಂಶದಲ್ಲಿ ಒಬ್ಬರನ್ನೂ ಬಿಡುವುದಿಲ್ಲ. ವಿಳಾಸಗಳನ್ನೆಲ್ಲ ಟಪಾಲಿನವರಿಗೆ ಬರೆದುಕೊಟ್ಟು ಬಂದಿದ್ದೇನೆ.

ಸುಗಂಧಿಯ ಅಕ್ಕ,
ನೀಲಾಂಬಿಕಾ