ಕೊನೆಯ ನಿಮಿಷದ ಗೋಲು, ಸೆರಗಿನ ಕೆಂಪು

ಅಪ್ಪಾ,

ಮಗ್ಗದ ಮನೆಯ ಕಿಟಕಿಯ ಪಕ್ಕದ ಹಲಗೆಯ ಮೇಲೆ ಕಾಲು ಮಡಚಿ, ಟಿ.ವಿ.ಯ ಕಡೆಗೆ ಓರೆಯಾಗಿ ಕುಳಿತು ನೀನು ಇದನ್ನು ಓದುತ್ತಿರುವೆ ಎಂದುಕೊಂಡು ಬರೆಯುತ್ತಿದ್ದೇನೆ. ನೀನು ಯಾವುದನ್ನಾದರೂ ನೇರವಾಗಿ ಕುಳಿತು ನೋಡಿದ್ದನ್ನು ನಾನು ಕಾಣೆ; ನೋಡುವ ವಸ್ತುವಿನ ಮೇಲೆ ನಿನಗೆ ಸದಾ ಒಂದಿಷ್ಟು ಅನುಮಾನ. ನಿನಗೊಂದು ಸುದ್ದಿ ಹೇಳಬೇಕಾಗಿದೆ. ಕೊನೆಯದನ್ನು ಮೊದಲೇ ಹೇಳಿದರೆ ನೀನು ನಂಬುವವನಲ್ಲ. ಆದ್ದರಿಂದ ಕ್ರಮವಾಗಿ ಹೇಳುತ್ತೇನೆ.

ಆ ಕೆಂಪು ಅಂಗಿಯ ತಂಡವನ್ನು ನೀನು ಮೊದಲ ಸಲ ಕಂಡ ಸಂಜೆ ನೆನಪಿದೆಯೆ? ನಮ್ಮ ಇಳಕಲ್ಲಿಗೂ ಆ ತಂಡದ ಊರಿಗೂ ಯಾವ ಸಂಬಂಧವೂ ಇರಲಿಲ್ಲ. ಫುಟ್‌ಬಾಲ್ ಲೀಗಿನ ಪಂದ್ಯವೊಂದು ಟಿ.ವಿ.ಯಲ್ಲಿ ಬರುತ್ತಿತ್ತು. ನೀನು ಲಾಳಿ ನಿಲ್ಲಿಸಿ, ಪಕ್ಕದಲ್ಲಿದ್ದ ಮೌಲಾಸಾಬ ಕಾಕಾರನ್ನು ಮೊಣಕೈಯಿಂದ ತಿವಿದು, "ಲೇ ಮೌಲ್ಯಾ, ನೋಡಲೇ, ನಿನ್ನ ಬಣ್ಣಾ ಹಾಕ್ಕೊಂಡು ಓಡಾಕತ್ತಾರ" ಎಂದೆ. ಕಾಕಾ ನೂಲಿಗೆ ಬಣ್ಣ ಹಾಕುವವರು. ನಿನ್ನ ಸೀರೆಗಳ ಅಂಚಿಗೂ ಸೆರಗಿಗೂ ಬೇಕಾದ ದಾಳಿಂಬೆ ಕೆಂಪು ಅವರ ಕೊಪ್ಪರಿಗೆಯಿಂದಲೇ ಬರಬೇಕಿತ್ತು. ಎಷ್ಟು ತೊಳೆದರೂ ಅವರ ಅಂಗೈಯಿಂದ ಆ ಕೆಂಪು ಹೋಗುತ್ತಿರಲಿಲ್ಲ. ಅವರು ಪರದೆಯನ್ನು ಕಣ್ಣು ಕಿರಿದು ಮಾಡಿ ನೋಡಿ, "ಖರೆ ಐತಿ. ಆದ್ರ ಇವ್ರದು ಒಗದ್ರ ಬಿಡತೈತಿ, ನನ್ನದು ಬಿಡಂಗಿಲ್ಲ" ಎಂದರು. ಅಂದಿನಿಂದ ಅದು ನಮ್ಮ ತಂಡ.

ಬಾಗಲಕೋಟೆಯ ಕಾಲೇಜಿನಿಂದ ನನ್ನನ್ನು ಕರೆತರುವಾಗ ಬಸ್ಸು ಹುನಗುಂದ ಮುಟ್ಟಿತೆಂದರೆ ನೀನು ಶಾಲೆಯ ಮೈದಾನದತ್ತ ಕೈ ತೋರಿಸಿ ಅದೇ ಕಥೆ ಆರಂಭಿಸುತ್ತಿದ್ದೆ. ನೀವಿಬ್ಬರೂ ಶಾಲೆಯ ತಂಡದಲ್ಲಿದ್ದವರು; ಕಾಕಾ ಗೋಲ್‌ಕೀಪರ್. ಒಂದು ಪಂದ್ಯದಲ್ಲಿ ಚೆಂಡು ಅವರ ಕಾಲ ಸಂದಿಯಲ್ಲೇ ನುಸುಳಿ ನೀವು ಸೋತಿರಿ. ತಂಡವೆಲ್ಲ ಅವರನ್ನು ಬೈಯುತ್ತಿರುವಾಗ ನೀನೊಬ್ಬ ಮಾತ್ರ "ಬಿಸಲು ಕಣ್ಣಿಗಿ ಹೊಡೀತು, ಅಷ್ಟ" ಎಂದು ಹೇಳಿ, ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಊರಿಗೆ ಕರೆತಂದಿದ್ದೆಯಂತೆ. ಆ ದಿನ ಬಿಸಿಲು ಇತ್ತೆ ಎಂದು ನಾನು ಕೇಳಿದಾಗ ನೀನು ಕಿಟಕಿಯಾಚೆ ನೋಡುತ್ತ, "ಮೋಡಾ ಆಗಿತ್ತು" ಎಂದಿದ್ದೆ.

ಅನುಮಾನ ನಮ್ಮ ಮನೆಗೆ ಬಂದದ್ದು ಮೊಬೈಲಿನ ಮೂಲಕ. ಸಾಲಾಗಿ ಮೂರು ಪಂದ್ಯಗಳಲ್ಲಿ ನಮ್ಮವರು ಕೊನೆಯ ನಿಮಿಷಗಳಲ್ಲಿ ಗೋಲು ಬಿಟ್ಟುಕೊಟ್ಟು ಸೋತಾಗ, ಯಾರೋ ಕತ್ತರಿಸಿ ಜೋಡಿಸಿದ ವಿಡಿಯೊಗಳು ನಿನ್ನನ್ನು ತಲುಪತೊಡಗಿದವು. ಹಿನ್ನೆಲೆಯಲ್ಲಿ ಗಂಭೀರವಾದ ಸಂಗೀತ, ಕೀಪರನ ಕೈಯ ಸುತ್ತ ಒಂದು ವೃತ್ತ, ಆ ವೃತ್ತಕ್ಕೊಂದು ಬಾಣ. ಆದರೆ ನಿನ್ನನ್ನು ನಂಬಿಸಿದ್ದು ಆ ಬಾಣವಲ್ಲ, ನಿನ್ನ ಮಗ್ಗ. ಬಟ್ಟೆಯಲ್ಲಿ ಒಮ್ಮೆ ಕಾಣಿಸಿದ ದೋಷ ಕೈಯದು, ಅಳತೆಗೆ ಸರಿಯಾಗಿ ಮತ್ತೆ ಮತ್ತೆ ಬರುವ ದೋಷ ಮಗ್ಗದ್ದು ಎಂದು ನನಗೆ ಚಿಕ್ಕಂದಿನಲ್ಲೇ ಕಲಿಸಿದವನು ನೀನು. "ಮೂರು ಸರ್ತಿ ಒಂದ ಜಾಗಾದಾಗ ಎಳಿ ಹರೀತಂದ್ರ ಅದು ತಾನ ಆಗಿದ್ದಲ್ಲ, ಗಂಗೂ. ಯಾರೋ ಏನೋ ಕಟ್ಯಾರ. ಮ್ಯಾಚ್ ಫಿಕ್ಸ್ ಐತಿ." ನೇಕಾರನಿಗಲ್ಲದೆ ಬೇರೆ ಯಾರಿಗೆ ಹೀಗೆ ತೋಚೀತು? ಜೀವಮಾನವಿಡೀ ನೀನು ಕಂಡ ಚಿತ್ತಾರಗಳೆಲ್ಲ ಯಾರೋ ಬೇಕೆಂದೇ ಕಟ್ಟಿದವು. ಯಾರೂ ಕಟ್ಟದೆ ತಾನಾಗಿ ಮೂಡುವ ಚಿತ್ತಾರವೂ ಇರಬಹುದೆಂದು ನಿನಗೆ ಹೇಗೆ ಹೊಳೆದೀತು?

ಆ ಭಾನುವಾರ ನಾನು ನಿನ್ನ ಕೈಗೆ ನಾಣ್ಯವೊಂದನ್ನು ಕೊಟ್ಟು, ಚಿಮ್ಮುತ್ತಿರು ಎಂದೆ. ನಾನು ಬಾಗಲಕೋಟೆಯ ವಿದ್ಯಾಗಿರಿಯ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಓದುವವಳು, ತರಗತಿಗೆ ಮೊದಲಿಗಳು. ಇದನ್ನು ಸಂಕೋಚವಿಲ್ಲದೆ ಹೇಳುತ್ತೇನೆ, ಏಕೆಂದರೆ ಓಣಿಯಲ್ಲೆಲ್ಲ ಅದನ್ನು ನನಗಿಂತ ಮೊದಲು ಸಾರಿ ಬಂದವನು ನೀನೇ. ನೀನು ಚಿಮ್ಮಿದೆ. ಸಿಂಹದ ಮುಖವೇ ಸಾಲಾಗಿ ಬೀಳತೊಡಗಿತು. "ನೋಡಪಾ, ಇದನ್ನ ಯಾರು ಕಟ್ಯಾರ? ತಾನ ಬಂತಿಲ್ಲೋ?" ಎಂದು ನಾನು ಗೆದ್ದವಳಂತೆ ಕೇಳಿದೆ. ನೀನು ನಾಣ್ಯವನ್ನು ಬೆಳಕಿಗೆ ಹಿಡಿದು, ಅದರ ಅಂಚನ್ನು ಹೆಬ್ಬೆರಳಿನಿಂದ ಸವರಿ, ಬಹಳ ಹೊತ್ತು ಪರೀಕ್ಷಿಸಿ, "ಈ ನಾಣ್ಯಾನ ಖೊಟ್ಟಿ ಐತಿ" ಎಂದೆ. ಕಾಕಾ ಗೋಡೆಗೆ ಒರಗಿ ನಕ್ಕರು. "ಫಸ್ಟ್ ಬಂದಾಕಿ ಸೋತಳು ಬಿಡ್ರೆಪಾ!"

ಅವರು ನಮ್ಮ ಮಗ್ಗದ ಮನೆಯಲ್ಲಿ ನಕ್ಕದ್ದು ಅದೇ ಕೊನೆಯಾಯಿತಲ್ಲ, ಅಪ್ಪಾ. ಆ ವರ್ಷದ ಕೊನೆಯ ಪಂದ್ಯದಲ್ಲಿ ಚೆಂಡು ಮೆಲ್ಲಗೆ ಉರುಳಿ ಬಂತು, ಕೀಪರ್ ಬಾಗಿದ, ಚೆಂಡು ಅವನ ಬೆರಳುಗಳ ನಡುವೆ ಜಾರಿ ಒಳಗೆ ಹೋಯಿತು. ನೀನು ಎದ್ದು ನಿಂತು, "ಮಾರ್ಕೊಂಡಾನ! ಕಳ್ಳ, ಮ್ಯಾಚ್ ಮಾರ್ಕೊಂಡಾನ!" ಎಂದು ಕೂಗಿದೆ.

"ನೀ ಕಣ್ಣಿಲೆ ನೋಡೀಯೇನು?" ಕಾಕಾ ಕೂತಲ್ಲಿಂದಲೇ ಕೇಳಿದರು.

"ಲೋಕಾ ಎಲ್ಲಾ ಅನ್ನಾಕತ್ತೈತಿ."

"ಲೋಕಾ ನಿನಗೂ ಅಂದಿತ್ತು, ಕಲ್ಲಪ್ಪ."

ಓಣಿಯ ನೇಕಾರರೆಲ್ಲ ಅಲ್ಲಿದ್ದರು, ಅವರೆಲ್ಲರಿಗೂ ಆ ಹಳೆಯ ಸಂಗತಿ ಗೊತ್ತಿತ್ತು. ನೀನು ಸೆರಗಿಗೆ ರೇಷ್ಮೆಯ ಬದಲು ಕೃತಕ ನೂಲು ಬೆರೆಸುತ್ತೀ ಎಂದು ವ್ಯಾಪಾರಿಯೊಬ್ಬ ಬಟ್ಟೆಯನ್ನು ಮುಟ್ಟಿಯೂ ನೋಡದೆ ಆಡಿಕೊಂಡಿದ್ದ. ಅವನ ಅಂಗಡಿಯಲ್ಲೇ ಒಂದು ಎಳೆಯನ್ನು ಸುಟ್ಟು, ಅಸಲಿ ರೇಷ್ಮೆಯ ಗುರುತಾದ ಕೂದಲು ಸುಟ್ಟಂಥ ವಾಸನೆ ಬಂದಾಗ ಆ ಬೂದಿಯನ್ನು ಅವನ ಮೂಗಿಗೆ ಹಿಡಿದವರು ಮೌಲಾಸಾಬ ಕಾಕಾ. "ಅವತ್ತು ನಿನ್ನ ಸಲುವಾಗಿ ನಾ ಎಳಿ ಸುಟ್ಟು ತೋರಿಸಿದೆ. ಈ ಹುಡುಗನ ಸಲುವಾಗಿ ಯಾರು ಸುಡಬೇಕು?" ಎಂದು ಅವರು ಕೇಳಿದರು. ನೀನು ಟಿ.ವಿ. ಆರಿಸಿದೆ. ಬಾಗಿಲಿಗೆ ಕೈ ತೋರಿಸಿ ಆ ಮಾತನ್ನೂ ಆಡಿದೆ: "ಭಾಳ ಮಾತಾಡಿದಿ. ಇನ್ನ ಮ್ಯಾಲೆ ಈ ಕಡೆ ಬರಬ್ಯಾಡ."

ಮುಂದಿನ ಲೀಗು ಆರಂಭವಾಗುವ ಮೊದಲೇ ನೀನು ಹೋದೆ. ಎದೆನೋವೆಂದು ದವಾಖಾನೆಗೆ ನಡೆದೇ ಹೋದವನು ನಡೆದು ಬರಲಿಲ್ಲ. ಮಣ್ಣಿಗೆ ಕಾಕಾ ಬಂದರು, ಹೆಗಲು ಕೊಟ್ಟರು. ಮರಳಿದ ಮೇಲೆ ಅವ್ವ ಒಳಗೆ ಕರೆದಳು. ಅವರು ಮಗ್ಗದ ಮನೆಯ ಹೊಸ್ತಿಲವರೆಗೆ ಬಂದು, ಹೊಸ್ತಿಲನ್ನೇ ನೋಡುತ್ತ ನಿಂತು, ಕೈಮುಗಿದು ಹೊರಟುಹೋದರು.

ಹಾಸ್ಟೆಲ್ಲಿನಲ್ಲಿ ನನ್ನ ಕೋಣೆಯ ಗೆಳತಿ, ಬಾದಾಮಿಯವಳು, ನಮ್ಮ ಎದುರಾಳಿ ತಂಡವೊಂದರ ಅಭಿಮಾನಿ. ಒಂದು ಸಂಜೆ ಅವಳ ಮೊಬೈಲಿನಲ್ಲಿ ಅದೇ ಗಂಭೀರ ಸಂಗೀತ, ಅದೇ ವೃತ್ತ, ಅದೇ ಬಾಣ ಕಂಡು ನಾನು ಬೆರಗಾದೆ. ಅಲ್ಲಿ ಮಾರಿಹೋದವರು ಅವಳ ಆಟಗಾರರು, ಕೊಂಡವರು ನಮ್ಮವರು! ಆಟವನ್ನು ಮಾರಿಕೊಂಡವರು ಜಗತ್ತಿನಲ್ಲಿ ಇಲ್ಲವೆಂದು ನಾನು ಹೇಳಲಾರೆ. ಇದ್ದಾರೆ, ಸಿಕ್ಕಿಬಿದ್ದವರೂ ಇದ್ದಾರೆ. ಆದರೆ ಸೋತ ದಿನ ಮಾತ್ರ ಹುಟ್ಟುವ ಅನುಮಾನಕ್ಕೆ ಎಷ್ಟು ಬೆಲೆ ಕೊಡಬೇಕು? ಇದನ್ನು ನೀನಿದ್ದಾಗ ನಿನಗೂ ಕೇಳಿದ್ದೆ. "ನಮ್ಮವ್ರು ಗೆದ್ರೂ ಅನುಮಾನ ಪಡ್ತೇನಿ, ನೋಡ್ತಿರು" ಎಂದು ನೀನು ಎದೆ ತಟ್ಟಿಕೊಂಡಿದ್ದೆ. ಅದನ್ನು ಪರೀಕ್ಷಿಸುವ ಅವಕಾಶವನ್ನು ನಮ್ಮ ತಂಡ ನಿನ್ನ ಕಾಲದಲ್ಲಿ ಕೊಡಲೇ ಇಲ್ಲ.

ಈ ವರ್ಷ ಕೊಟ್ಟಿತು. ನಮ್ಮವರು ಫೈನಲ್ ತಲುಪಿದರು. ರಜೆಗೆ ಊರಿಗೆ ಬಂದಿದ್ದ ನಾನು ಆ ಬೆಳಿಗ್ಗೆ ಕಾಕಾರ ಬಣ್ಣದ ಮನೆಗೆ ಹೋಗಿ, ಸಂಜೆ ಆಟ ನೋಡಲು ಬರಬೇಕೆಂದು ಕರೆದೆ. ಅವರು ಕೊಪ್ಪರಿಗೆಯಲ್ಲಿ ಕೋಲಾಡಿಸುವುದನ್ನು ನಿಲ್ಲಿಸಲಿಲ್ಲ.

"ಬರಬ್ಯಾಡ ಅಂದವನ ಬಾ ಅನ್ನಬೇಕವ್ವ. ನೀ ಅಂದ್ರ ಆಗೂದಿಲ್ಲ."

ವಾದದಲ್ಲಿ ನಾನು ಸೋಲುವುದು ಅಪರೂಪ. ಅಂದು ಸೋತು ಮನೆಗೆ ಬಂದು ಅವ್ವನಿಗೆ ಹೇಳಿದೆ. ಅವ್ವ ಮಗ್ಗದ ಮನೆಯ ಗೂಟದಲ್ಲಿ ತೂಗುಹಾಕಿದ್ದ ಗಂಟನ್ನು ಇಳಿಸಿ ನನ್ನ ಮುಂದಿಟ್ಟಳು. ಒಂದು ಸೀರೆಯ ಒಡಲಿಗೆಂದು ನೀನು ಸಿದ್ಧಮಾಡಿದ್ದ ಹಾಸು, ಉದ್ದೆಳೆಗಳ ಕಟ್ಟು. ಒಡಲಿನ ಎಳೆಗಳಿಗೆ ಸೆರಗಿನ ಕೆಂಪು ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಕೂಡಿಸಿದ ಮೇಲಷ್ಟೇ ನಮ್ಮಲ್ಲಿ ನೇಯ್ಗೆ ಶುರು. ಇದಕ್ಕೆ ಕೆಂಪು ಕೂಡಿರಲಿಲ್ಲ. ಜಗಳದ ನಂತರ ನೀನು ಬೇರೆ ಬಣ್ಣದ ಸೆರಗುಗಳನ್ನು ನೇಯ್ದೆ, ಕೆಂಪಿನದನ್ನು ನೇಯಲೇ ಇಲ್ಲವಂತೆ. "ಊರಾಗ ಬ್ಯಾರೇದವ್ರ ಕಡೆ ಕೆಂಪು ಸಿಗಂಗಿಲ್ಲೇನು ಅಂತ ನಾ ಕೇಳಿದ್ನೆವ್ವ," ಎಂದಳು ಅವ್ವ. "ಸಿಗತೈತಿ, ಆದ್ರ ಕೆಂಪು ಬರ್ಲಿ ತಡಿ ಅಂದ ನಿಮ್ಮಪ್ಪ."

ಆ ಗಂಟನ್ನು ಎದೆಗವಚಿಕೊಂಡು ನಾನು ಮತ್ತೆ ಹೋದೆ. "ಇದಕ್ಕ ಕೆಂಪು ಬೇಕ್ರಿ, ಕಾಕಾ" ಎಂದೆ. ಅವರು ಕೈಯನ್ನು ಲುಂಗಿಗೆ ಒರೆಸಿ, ಅಂಗೈ ತಾಗದಂತೆ ಬೆರಳ ಹಿಂಬದಿಯಿಂದ ನೂಲನ್ನು ಮುಟ್ಟಿದರು.

"ಯಾವಾಗ ಹಾಸಿದ್ದು?"

"ನೀವು ಬರೂದು ಬಿಟ್ಟ ಮ್ಯಾಲೆ."

"ಅವತ್ತಿಂದ ಹಂಗ ಇಟ್ಟಾನ?"

"ಕೆಂಪು ಬರ್ಲಿ ಅಂದಿದ್ನಂತ್ರಿ."

ನೀನು ಬಾ ಎಂದದ್ದಕ್ಕೆ ಇದು ಪುರಾವೆ ಎಂದು ನನ್ನ ಪ್ರಾಧ್ಯಾಪಕರು ಒಪ್ಪುತ್ತಾರೋ ಇಲ್ಲವೋ ತಿಳಿಯದು. ಕಾಕಾ ಒಲೆಯ ಕಟ್ಟಿಗೆಯನ್ನು ಹಿಂದಕ್ಕೆಳೆದರು. ಆಮೇಲೆ, "ಆಟ ಎಷ್ಟಕ್ಕ ಶುರು?" ಎಂದು ಕೇಳಿದರು.

ಸಂಜೆ ಅವರು ಹೊಸ್ತಿಲು ದಾಟಿ ಬಂದು ನಿನ್ನ ಹಲಗೆಯ ಪಕ್ಕದಲ್ಲಿ ನೆಲದ ಮೇಲೆ ಕುಳಿತರು. ಹಲಗೆಯ ಮೇಲೆ ಯಾರನ್ನೂ ಕೂರಗೊಡಲಿಲ್ಲ. ಆಟ ಸಮವಾಗಿ ಸಾಗಿ ಮುಗಿಯುವ ಹೊತ್ತಿಗೆ ನಮ್ಮ ಆಟಗಾರನೊಬ್ಬ ಎದುರಾಳಿಯ ಕಾಲಿಗೆ ತಾಗಿಯೋ ತಾಗದೆಯೋ ಬಿದ್ದ, ರೆಫ್ರಿ ಪೆನಾಲ್ಟಿ ಕೊಟ್ಟ, ಗೋಲು. ಮಗ್ಗದ ಮನೆಯೆಲ್ಲ ಎದ್ದು ಕುಣಿಯಿತು. ಅವ್ವ ಕೂಡ ಚಪ್ಪಾಳೆ ತಟ್ಟಿದಳು. ಅಷ್ಟು ಗದ್ದಲದ ನಡುವೆ ಕಾಕಾ ಒಬ್ಬರೇ ಕುಳಿತಲ್ಲಿಂದ ಏಳಲಿಲ್ಲ.

"ಇದು ಪೆನಾಲ್ಟಿ ಅಲ್ಲ. ರೆಫ್ರೀನ ಕೊಂಡಾರ. ಫಿಕ್ಸ್ ಐತಿ."

ಎಲ್ಲರೂ ಅವರತ್ತ ತಿರುಗಿದರು. "ಕಾಕಾ, ಗೆದ್ದವ್ರು ನಾವ್ರೀ!" ಎಂದೆ ನಾನು.

"ಗೆದ್ರೇನಾತು? ಅವ ಇದ್ದಿದ್ರ ಒಪ್ತಿದ್ನೇನು?"

"ಮತ್ತ ಪುರಾವೆ ಏನ್ರಿ?"

"ಪುರಾವೆ ಕೇಳಾವ ಇಷ್ಟು ದಿನ ನಾ ಇದ್ದೆ. ಈಗ ಅವನ ಪಾಳಿ ಯಾರಾರ ಮಾಡಬೇಕಲ್ಲ?" ಅವರು ಖಾಲಿ ಹಲಗೆಯ ಮೇಲೆ ತಮ್ಮ ಕೆಂಪು ಅಂಗೈಯನ್ನು ಊರಿದರು. "ಪುರಾವೆ ನೀ ಕೇಳು. ಓದೀದಿ, ಜೋರ್‌ಲೇ ಕೇಳು."

ನಾನು ಕೇಳಿದೆ, ಅಪ್ಪಾ. ಜೋರಾಗಿಯೇ ಕೇಳಿದೆ. ಅವರು ನಿನ್ನ ಹಾಗೆಯೇ ಟಿ.ವಿ.ಯ ಕಡೆಗೆ ಓರೆಯಾಗಿ ತಿರುಗಿ ಕುಳಿತು, ನನ್ನ ಒಂದು ಮಾತನ್ನೂ ಒಪ್ಪದೆ ವಾದಿಸಿದರು. ಸೆರಗಿನ ಕೆಂಪು ನೂಲು ಈಗ ಅವರ ಅಂಗಳದ ಬಿದಿರ ಗಳುವಿನ ಮೇಲೆ ಒಣಗುತ್ತಿದೆ. ಕೊಂಡಿ ಹಾಕುವಾಗ ಎಳೆ ಹಿಡಿಯಲು ತಾವೇ ಬರುವುದಾಗಿ ಹೇಳಿದ್ದಾರೆ. ಕಾಲೇಜಿಗೆ ಮರಳುವ ಮೊದಲು ಕೊನೆಯ ಎಳೆಯವರೆಗೂ ನಾನೇ ಕೂಡಿಸುತ್ತೇನೆ. ಇನ್ನು ನಿನಗೆ ಹೇಳಬೇಕೆಂದಿದ್ದ ಸುದ್ದಿ.

ನಮ್ಮವರು ಗೆದ್ದರು. ಮೌಲಾಸಾಬ ಕಾಕಾ ಒಪ್ಪುತ್ತಿಲ್ಲ.

ನಿನ್ನ
ಗಂಗೂ