ಗುಲಾಬಿ ಬುಡದ ಕಡ್ಡಿ

ದೊಡ್ಡ ಮಗನಿಗೆ,

ಆಶೀರ್ವಾದ ಕೊನೆಯಲ್ಲಿದೆ, ಮೊದಲು ಬೈಗುಳ. ಫೋನಿನಲ್ಲಿ ಬೈಯಲು ಹೋದರೆ ಅರ್ಧಕ್ಕೇ ಮರೆತುಹೋಗುತ್ತದೆ, ಅದಕ್ಕೇ ಬರೆದು ಬೈಯುತ್ತಿದ್ದೇನೆ.

ಯಾರನ್ನು ಕೇಳಿ ನನ್ನ ಕುಂಡಗಳಿಗೆ ಕೈ ಹಾಕಿದೆ? ಭಾನುವಾರ ಬಂದವನು ಹಳೇ ಕಡ್ಡಿಗಳನ್ನೆಲ್ಲ ಕಿತ್ತು, ಗುಲಾಬಿ ಬುಡದಲ್ಲಿ 'ಗುಲಾಬಿ', ನಿಂಬೆ ಬುಡದಲ್ಲಿ 'ನಿಂಬೆ' ಅಂತ ಬಣ್ಣದ ಪಟ್ಟಿ ಚುಚ್ಚಿ ಹೋಗಿದ್ದೀಯ. ಅಮ್ಮನಿಗೆ ಅನುಕೂಲವಾಗಲಿ ಅಂತ ಮಾಡಿದೆಯಂತೆ! ನಲವತ್ತು ವರ್ಷ ಗಿಡ ಸಾಕಿದವಳಿಗೆ ಗುಲಾಬಿ ಯಾವುದು ಅಂತ ನೀನು ಹೇಳಿಕೊಡಬೇಕೇನೋ?

ಆ ಕಡ್ಡಿಗಳ ಮೇಲಿದ್ದದ್ದು ಗಿಡದ ಹೆಸರಲ್ಲ, ಮೊಮ್ಮಕ್ಕಳದು. ಒಬ್ಬೊಬ್ಬರು ಹುಟ್ಟಿದಾಗ ಒಂದೊಂದು ಗಿಡ ನೆಟ್ಟು ಬರೆದಿಟ್ಟಿದ್ದೆ. ಯಾವ ಗಿಡ ಯಾರದು ಅಂತ ಇವತ್ತಿಗೂ ಗೊತ್ತು. ಹೆಸರು ಮಾತ್ರ ನಾಲಿಗೆಗೆ ಬರುವುದಿಲ್ಲ. ಯಾರಾದರೂ ಬಂದರೆ ನೀರು ಹಾಕುವ ನೆಪದಲ್ಲಿ ಹೋಗಿ ಓದಿಕೊಂಡು ಬರುತ್ತಿದ್ದೆ.

ನಿನ್ನೆ ನಿನ್ನ ಮಗಳು ಬಂದಳು. ಅವಳ ಗಿಡ ಗುಲಾಬಿ. ನಿನ್ನ ಪಟ್ಟಿ ಓದಿಕೊಂಡು ಬಂದು, "ಬಾರೇ ಗುಲಾಬಿ" ಅಂದೆ. ಮುದ್ದಿಗೆ ಕರೆದೆ ಅಂದುಕೊಂಡು ನಕ್ಕಳು. ಇನ್ನೊಂದು ಸಲ ನಗುವುದಿಲ್ಲ.

ನಾಳೆಯೇ ಕಡ್ಡಿಗಳನ್ನು ತಂದು ಚುಚ್ಚು. ಬಿಸಾಡಿದ್ದರೆ ಹೊಸದಾಗಿ ಬರೆದು ತಾ. ಅವಳಿಗೆ ಏನೂ ಹೇಳಬೇಡ. ಹಾಗೇ, ನಿನ್ನ ಹೆಸರಿನದೂ ಒಂದಿರಲಿ.

ಆಶೀರ್ವಾದ.

ನಿನ್ನ ಅಮ್ಮ